ಡಬ್ಬಿ ಸಾಹೇಬರು

ಮಲಪ್ರಭಾ ನದಿ ಗುಡ್ಡಗಳನ್ನು ಸೀಳಿಕೊಂಡು ಹಾಯುವ ನವಿಲುತೀರ್ಥದ ಇಕ್ಕಟ್ಟಿನಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಎದ್ದು, ರೇಣುಕಾಸಾಗರವೆಂಬ ಜಲಾಶಯ ತುಂಬತೊಡಗಿದ ಮೇಲೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕಬ್ಬು, ಗೋವಿನಜೋಳಗಳ ಜೊತೆಗೆ ನೀರಾವರಿ ನೌಕರರೆಂಬ ಒಂದು ವರ್ಗವೂ ಬೇರೂರಿತು. ಗೇಟು, ಕಾಲುವೆ, ಮಾಪನ ಪುಸ್ತಕಗಳ ನಡುವೆ ಮೂರು ದಶಕ ಸವೆಸಿ, ಅರವತ್ತು ತುಂಬಿದ ದಿನ ಹಾರ, ಶಾಲು, ಗೋಡೆ ಗಡಿಯಾರಗಳೊಂದಿಗೆ ಮನೆಗೆ ಮರಳುವ ಈ ವರ್ಗದವರಲ್ಲಿ ಕೆಲವರು ಹೊಲಕ್ಕೂ, ಕೆಲವರು ಮಠಕ್ಕೂ, ಕೆಲವರು ಊರ ರಾಜಕೀಯದ ಕಟ್ಟೆಗೂ ಹೊರಟುಹೋಗುತ್ತಾರೆ. ಎಲ್ಲಿಗೂ ಹೋಗದೆ ನೇರವಾಗಿ ಅಡುಗೆಮನೆಗೆ ಬರುವವರೇ ಈ ಲೇಖನದ ವಿಷಯ. ಅವರನ್ನು ಇಲ್ಲಿ ‘ಡಬ್ಬಿ ಸಾಹೇಬರು’ ಎಂದು ಕರೆಯಲಾಗಿದೆ. ಸಾಹೇಬರೆಂಬುದು ಈ ಕಡೆ ಸರಕಾರಿ ಕುರ್ಚಿಯಲ್ಲಿ ಕೂತವರಿಗೆ ಪಿಂಚಣಿಯ ಸಂಗಡ ಜೀವಮಾನಕ್ಕೆ ಮಂಜೂರಾಗುವ ಬಿರುದು. ಡಬ್ಬಿ ಎಂಬ ವಿಶೇಷಣವನ್ನು ಮಾತ್ರ ಅವರು ನಿವೃತ್ತಿಯ ನಂತರ ಸ್ವಂತ ಪರಿಶ್ರಮದಿಂದ ಗಳಿಸಿದ್ದು.

ಈ ಬಗೆಯ ಸಾಹೇಬರು ಒಂದೇ ದಿನದಲ್ಲಿ ರೂಪುಗೊಳ್ಳುವುದಿಲ್ಲ. ನಿವೃತ್ತಿಯ ಮೊದಲ ತಿಂಗಳುಗಳಲ್ಲಿ ಅವರು ಪತ್ರಿಕೆಯನ್ನು ಮುದ್ರಕರ ಹೆಸರಿನವರೆಗೂ ಓದಿ, ಅಂಗಳದ ದಾಸವಾಳಕ್ಕೆ ಪಾಳಿಯ ಪ್ರಕಾರ ನೀರು ಬಿಟ್ಟು, ಬ್ಯಾಂಕಿನ ಪಾಸ್‌ಬುಕ್ಕನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮುದ್ರಿಸಿಕೊಂಡು ಬರುತ್ತಾರೆ. ಆಮೇಲೆ ಎಂದೋ ಒಂದು ಮಧ್ಯಾಹ್ನ, ಮನೆಯಾಕೆ ಇಲ್ಲದ ಹೊತ್ತಿನಲ್ಲಿ, ಮಜ್ಜಿಗೆಗೆ ಜೀರಿಗೆ ಬೇಕಾಗಿ ಅಡುಗೆಮನೆ ಹೊಕ್ಕಾಗ, ಜೀರಿಗೆ ಎಂಬುದು ಹಾರ್ಲಿಕ್ಸ್ ಬಾಟಲಿಯಲ್ಲಿಯೂ, ಹಾರ್ಲಿಕ್ಸ್ ಎಂಬುದು ಡಾಲ್ಡಾ ಡಬ್ಬಿಯಲ್ಲಿಯೂ, ಡಾಲ್ಡಾ ಡಬ್ಬಿಯ ಮುಚ್ಚಳವು ಉಪ್ಪಿನಕಾಯಿ ಭರಣಿಯ ಮೇಲೆಯೂ ಇರುವ ಸಂಗತಿ ಅವರ ಗಮನಕ್ಕೆ ಬರುತ್ತದೆ. ಇಷ್ಟು ವರ್ಷ ಈ ವ್ಯವಸ್ಥೆಯಿಂದ ಹೊತ್ತುಹೊತ್ತಿಗೆ ಊಟ ಬಂದಿದೆ ಎಂಬುದು ಅವರಿಗೆ ಸಮಾಧಾನ ಕೊಡುವುದಿಲ್ಲ. ದಾಖಲೆಯಿಲ್ಲದೆ ಇದು ಹೇಗೆ ನಡೆಯಿತು ಎಂಬ ಪ್ರಶ್ನೆಯೇ ಅವರನ್ನು ಕಾಡುತ್ತದೆ. ಅವರ ಪತ್ನಿ, ಅಂದರೆ ನೆರೆಹೊರೆಯವರು ಗೌರವದಿಂದ ‘ಬಾಯಿಯವರು’ ಎನ್ನುವ ಗೃಹಿಣಿ, ಕತ್ತಲಲ್ಲಿಯೂ ಕೈಚಾಚಿ ಸಾಸಿವೆಯನ್ನೇ ತೆಗೆಯಬಲ್ಲರು. ಆದರೆ ಕೈಯ ನೆನಪಿಗೆ ಲೆಕ್ಕಪರಿಶೋಧನೆ ಮಾಡಲು ಬರುವುದಿಲ್ಲವಾದ್ದರಿಂದ ಸಾಹೇಬರು ಅದನ್ನು ವ್ಯವಸ್ಥೆಯೆಂದು ಒಪ್ಪುವುದಿಲ್ಲ.

ಸುಧಾರಣೆಗೆ ಒಳಗಾಗುವ ಉಗ್ರಾಣವೂ ಸಣ್ಣದೇನಲ್ಲ. ಎರೆಭೂಮಿಯ, ಎಂದರೆ ಕಪ್ಪುಮಣ್ಣಿನ, ಈ ಸೀಮೆಯಲ್ಲಿ ಕಾಳುಕಡಿಗಳನ್ನು ಕಿಲೋದ ಲೆಕ್ಕದಲ್ಲಿ ಕೊಳ್ಳುವುದನ್ನು ಮೊನ್ನೆಮೊನ್ನೆಯವರೆಗೂ ಬಡತನದ ಗುರುತೆಂದೇ ತಿಳಿಯಲಾಗುತ್ತಿತ್ತು. ಬಿಳಿಜೋಳ, ಗೋಧಿ, ಕಡಲೆ, ಹೆಸರು, ಮಡಕಿ, ಅಲಸಂದಿ, ಸಜ್ಜೆ, ನವಣೆಗಳು ವರ್ಷದ ಲೆಕ್ಕದಲ್ಲಿ ಬರುತ್ತವೆ. ಶೇಂಗಾ, ಗುರೆಳ್ಳು, ಅಗಸಿಗಳು ಚಟ್ನಿಪುಡಿಗಾಗಿ ಬೇಕು. ಪುಟಾಣಿ, ಅವಲಕ್ಕಿ, ಚುರುಮುರಿ, ಶಾವಿಗೆ, ಹಪ್ಪಳ, ಸಂಡಿಗೆಗಳು ಬಂದುಹೋಗುವವರಿಗಾಗಿ ಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬೀಗರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮನೆಗೆ ಹಾಯ್ದು ಹೋಗುವುದು ರೂಢಿಯಾದ್ದರಿಂದ, ಗುಡ್ಡದ ದಾರಿಯಲ್ಲಿರುವ ಮನೆಗಳು ಸಣ್ಣ ಡಬ್ಬಿಗಳನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಇವೆಲ್ಲದರ ಮೇಲೆ ಮಸಾಲಿ ಖಾರ. ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನು ಒಣಗಿಸಿ, ಹವೀಜ (ಕೊತ್ತಂಬರಿ ಕಾಳಿಗೆ ಇಲ್ಲಿನ ಹೆಸರು), ಜೀರಿಗೆ, ಒಣಕೊಬ್ಬರಿ, ಬೆಳ್ಳುಳ್ಳಿ, ಲವಂಗ, ದಾಲ್ಚಿನ್ನಿ, ದಗಡಹೂವುಗಳನ್ನು ಹುರಿದು ಸೇರಿಸಿ, ಗಿರಣಿಯಲ್ಲಿ ಕುಟ್ಟಿಸಿ, ವರ್ಷಕ್ಕಾಗುವಷ್ಟು ತುಂಬಿಡುವ ಪುಡಿಯಿದು. ಬಣ್ಣಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯ ಜೊತೆಗೆ ಖಾರಕ್ಕೆಂದು ಗುಂಟೂರು ಎಷ್ಟು ಬೆರೆಸಬೇಕೆಂಬ ವಿಷಯದಲ್ಲಿ ಎರಡು ಮನೆಗಳ ಅಭಿಪ್ರಾಯ ಎಂದೂ ಕೂಡಿದ್ದಿಲ್ಲ.

ಜಲಾಶಯಕ್ಕೆ ಗರಿಷ್ಠ ಸಂಗ್ರಹವೆಂದು 37.73 ಟಿಎಂಸಿ ಅಡಿಯ ಮಿತಿಯಿದ್ದು, ಅದು ತುಂಬಿದರೆ ಗೇಟು ಎತ್ತುತ್ತಾರೆ. ಬಾಯಿಯವರ ನಾಗಂದಿಗೆಗೆ, ಎಂದರೆ ಗೋಡೆಯುದ್ದಕ್ಕೂ ಕೂಡಿಸಿದ ಹಲಗೆಗೆ, ಅಂಥ ಮಿತಿಯನ್ನು ಯಾರೂ ಗೊತ್ತುಮಾಡಿಲ್ಲವೆಂಬುದು ಸಾಹೇಬರ ಮೊದಲ ಆಕ್ಷೇಪ. ಆದ್ದರಿಂದ ಅವರು ಅಡುಗೆಮನೆಯನ್ನು ಅಣೆಕಟ್ಟಿನ ನಿಯಮಗಳಿಗೆ ಒಳಪಡಿಸುತ್ತಾರೆ. ರಟ್ಟಿನ ಹೊದಿಕೆಯ ಉದ್ದನೆಯ ವಹಿಯೊಂದು ಬರುತ್ತದೆ, ಅದರಲ್ಲಿ ಒಳಹರಿವು, ಹೊರಹರಿವು, ಇಂದಿನ ಮಟ್ಟ ಎಂಬ ಅಂಕಣಗಳು ಮೂಡುತ್ತವೆ. ಹವೀಜ ತೆಗೆದವರು ಸಹಿ ಮಾಡಬೇಕೆಂಬ ನಿಯಮವೂ ಕೆಲವು ದಿನ ಜಾರಿಯಲ್ಲಿದ್ದು, ಒಗ್ಗರಣೆ ಹೊತ್ತಿದ ಒಂದು ಪ್ರಸಂಗದ ನಂತರ ಸದ್ದಿಲ್ಲದೆ ರದ್ದಾಗುತ್ತದೆ. ಪತ್ರಾಸಿನ ಹಳೆಯ ಡಬ್ಬಿಗಳು ಅಟ್ಟ ಸೇರಿ, ಬೆಳಗಾವಿಯಿಂದ ಒಂದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು ಬಂದು, ಪ್ರತಿಯೊಂದರ ಮೇಲೆ ಸ್ಕೆಚ್ ಪೆನ್ನಿನಿಂದ ಹೆಸರು, ದಿನಾಂಕ, ಕ್ರಮಸಂಖ್ಯೆ ಬರೆದ ಚೀಟಿ ಅಂಟಿಕೊಳ್ಳುತ್ತದೆ.

ವರ್ಗೀಕರಣದ ತತ್ತ್ವ ಅಕಾರಾದಿ. ನಿಘಂಟಿನಲ್ಲಿ ನಿರಪಾಯಕಾರಿಯಾದ ಈ ತತ್ತ್ವ ಅಡುಗೆಮನೆಯಲ್ಲಿ ವಿಚಿತ್ರ ನೆರೆಹೊರೆಗಳನ್ನು ಉಂಟುಮಾಡುತ್ತದೆ. ಅಕ್ಕಿ, ಅಗಸಿ, ಅರಿಸಿನ, ಅವಲಕ್ಕಿಗಳ ಮರುಮಗ್ಗುಲಲ್ಲಿ ಇಂಗು ಬಂದು ಕೂತು, ಪಕ್ಕದ ಅವಲಕ್ಕಿಗೆ ಒಂದೇ ವಾರದಲ್ಲಿ ತನ್ನ ಗುಣವನ್ನೆಲ್ಲ ಧಾರೆಯೆರೆಯುತ್ತದೆ; ಸಕ್ಕರೆ, ಸಜ್ಜೆಗಳ ನಂತರ ಸಾಬೂನಿನ ಪುಡಿಯೂ, ಅದಕ್ಕೆ ತಾಗಿಯೇ ಸಾಸಿವೆಯೂ ನಿಲ್ಲುತ್ತವೆ. ಸಾಬೂನಿನ ಪುಡಿ ಇಲ್ಲೇಕೆ ಎಂದರೆ, ಅದೂ ಒಣ ಪದಾರ್ಥವೇ ಎಂಬ ಉತ್ತರ ಸಿದ್ಧವಿದೆ. ಮಸಾಲೆಯ ಘಮ ಬೆಳಕು, ಕಾವು, ತೇವಗಳಿಂದ ಹಾರಿಹೋಗುವಂಥದ್ದಾದ್ದರಿಂದ ಅದನ್ನು ಮುಚ್ಚಿದ ಲೋಹದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಬೇಕೆಂಬುದು ತಿಳಿದ ಮಾತು. ಸಾಹೇಬರು ಪಾರದರ್ಶಕ ಡಬ್ಬಿಯನ್ನು ಆರಿಸಿ, ಕಿಟಕಿಯ ಬೆಳಕಿಗೆ ಚೀಟಿ ಚೆನ್ನಾಗಿ ಕಾಣಲೆಂದು ಒಲೆಯ ಮೇಲುಗಡೆಯೇ ಸಾಲು ಹಿಡಿಸುತ್ತಾರೆ.

ಹೀಗೆ ಎಲ್ಲವೂ ಶಿಸ್ತಿಗೆ ಬಂದ ಮೊದಲ ಮಳೆಗಾಲದಲ್ಲಿಯೇ ನುಸಿ ಬರುತ್ತದೆ. ನುಸಿ ಎಂಬುದು ಈ ಸೀಮೆಯಲ್ಲಿ ಧಾನ್ಯ ತಿನ್ನುವ ಸಣ್ಣ ಹುಳಕ್ಕೂ, ಅದು ತಿಂದು ಉದುರಿಸಿದ ಹಿಟ್ಟಿನಂಥ ಪುಡಿಗೂ ಸಲ್ಲುವ ಸಾಮಾನ್ಯ ಹೆಸರಾಗಿದ್ದು, ಅದರ ಅಡಿಯಲ್ಲಿ ಕೀಟಶಾಸ್ತ್ರದ ಹಲವು ಕುಲಗಳು ಒಟ್ಟಿಗೆ ಬಾಳುತ್ತವೆ. ಜೋಳ, ಗೋಧಿ, ಅಕ್ಕಿಗಳಲ್ಲಿ ಕಾಣುವ ಮೂತಿಹುಳದ ಹೆಣ್ಣು ತನ್ನ ಉದ್ದ ಮೂತಿಯಿಂದ ಕಾಳಿಗೆ ತೂತು ಕೊರೆದು, ಅದರೊಳಗೆ ಮೊಟ್ಟೆಯಿಟ್ಟು, ಅಂಟಿನಿಂದ ತೂತು ಮುಚ್ಚಿ ಮುಂದಿನ ಕಾಳಿಗೆ ಹೋಗುತ್ತದೆ. ಮರಿ ಒಳಗೇ ಹುಟ್ಟಿ, ಒಳಗೇ ತಿಂದು, ಬೆಚ್ಚಗಿನ ಹವೆಯಲ್ಲಿ ಸುಮಾರು ತಿಂಗಳೊಪ್ಪತ್ತಿನಲ್ಲಿ ಬೆಳೆದ ಹುಳವಾಗಿ ಹೊರಬೀಳುವವರೆಗೆ, ಕಾಳು ನೋಡುವವರ ಕಣ್ಣಿಗೆ ಹಸನಾಗಿಯೇ ಕಾಣುತ್ತದೆ. ಹೆಸರು, ಕಡಲೆ, ಅಲಸಂದಿಗಳ ಕಾಳುದುಂಬಿಗೆ ಇಂಥ ಗುಟ್ಟಿನ ಸ್ವಭಾವವಿಲ್ಲ. ಅದು ಕಾಳಿನ ಮೈಮೇಲೆಯೇ ಬಿಳಿ ಚುಕ್ಕೆಯಂತೆ ಮೊಟ್ಟೆಯನ್ನು ಅಂಟಿಸುತ್ತದೆ, ಮತ್ತು ಎಷ್ಟೋ ಸಲ ಈ ಕೆಲಸವನ್ನು ಹೊಲದಲ್ಲಿಯೇ ಮುಗಿಸಿ ಚೀಲದ ಜೊತೆ ಮನೆಗೆ ಬರುತ್ತದೆ. ನುಣುಪಾದ ಇಡೀ ಕಾಳೇ ಅದಕ್ಕೆ ಬೇಕಾದ್ದರಿಂದ, ಒಡೆದು ಬೇಳೆ ಮಾಡಿಟ್ಟರೆ ಅದರ ಕಾಟ ಬಹಳಷ್ಟು ತಗ್ಗುತ್ತದೆ. ಕೆಂಪು ಹಿಟ್ಟಿನ ದುಂಬಿಗೆ ಇಡೀ ಕಾಳನ್ನು ಕೊರೆಯುವ ಶಕ್ತಿಯಿಲ್ಲ. ಮೂತಿಹುಳ ಉದುರಿಸಿದ ಪುಡಿ, ನುಚ್ಚು, ಹಿಟ್ಟು, ರವೆಗಳ ಮೇಲೆ ಅದು ಸಂಸಾರ ಹೂಡಿ, ಸಂಖ್ಯೆ ಹೆಚ್ಚಿದಾಗ ಹಿಟ್ಟಿಗೆ ಒಂದು ಬಗೆಯ ಕಮಟು ವಾಸನೆ ತರುತ್ತದೆ. ಶಾವಿಗೆ, ಶೇಂಗಾಗಳಲ್ಲಿ ಬಲೆ ನೇಯುವುದು ಪತಂಗದ ಮರಿ.

ಈ ಕುಲಭೇದಗಳು ಸಾಹೇಬರ ವಹಿಯಲ್ಲಿ ಇಲ್ಲ. ಅಲ್ಲಿರುವುದು ‘ಹುಳ — ಇದೆ/ಇಲ್ಲ’ ಎಂಬ ಒಂದೇ ಅಂಕಣ. ಪರಿಶೀಲನೆಯ ಕ್ರಮವೆಂದರೆ ಒಂದು ಹಿಡಿ ಜೋಳವನ್ನು ಪತ್ರಿಕೆಯ ಮೇಲೆ ಸುರುವಿ, ಕನ್ನಡಕ ಏರಿಸಿ, ಚಲಿಸುವ ಪ್ರತಿಯೊಂದನ್ನೂ ಪೆನ್ನಿನ ತುದಿಯಿಂದ ಮುಟ್ಟಿ ನೋಡುವುದು. ಮೂತಿಹುಳ ಮುಟ್ಟಿದೊಡನೆ ಕಾಲು ಮಡಚಿ ಸತ್ತಂತೆ ಬೀಳುತ್ತದೆ. ಶತ್ರುವನ್ನು ವಂಚಿಸಲು ಅದಕ್ಕೆ ಪ್ರಕೃತಿ ಕೊಟ್ಟ ವಿದ್ಯೆಯದು. ಸಾಹೇಬರು ಅದನ್ನು ಮೃತವೆಂದು ದಾಖಲಿಸಿ, ಒಟ್ಟು ಕೂಡಿಸಿ, ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಮೃತರೆಲ್ಲ ಎದ್ದು ಪತ್ರಿಕೆಯ ಅಂಚು ದಾಟಿರುತ್ತಾರೆ. ನೌಕರಿಯ ದಿನಗಳಲ್ಲಿ ಹಾಜರಿ ಪುಸ್ತಕದ ಅನುಭವವಿದ್ದ ಅವರು ಇಂಥ ವಂಚನೆಗೆ ತೀರ ಅಪರಿಚಿತರೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಬಾಯಿಯವರ ಸಿದ್ಧಾಂತ ಬೇರೆ. ಹುಳ ಕಂಡಾಗ ಅವರು ಬೆಚ್ಚುವುದಿಲ್ಲ. “ಹುಳಾ ಬಂದಾವ ಅಂದ್ರ ಕಾಳು ಚೊಲೋ ಅದಾವು ಅಂತ ತಿಳೀರಿ, ಔಷಧ ಹೊಡದದ್ದಕ್ಕ ಹುಳಾನೂ ಬಾಯಿ ಹಾಕೂದಿಲ್ಲ” ಎಂಬುದು ಅವರು ತವರಿನಿಂದ ತಂದ ಮಾತು. ಇದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ನುಸಿಯ ಹೊಟ್ಟೆಗೆ ಹೋಗುತ್ತದೆ. ಮಳೆಗೆ ಮುಂಚೆ ಕಾಳನ್ನು ಮಾಳಿಗೆಯ ಬಿಸಿಲಿಗೆ ಹರವಿ, ಸಾಣಿಗೆಯಲ್ಲಿ, ಎಂದರೆ ಜರಡಿಯಲ್ಲಿ, ಹಿಡಿದು ಹಸನು ಮಾಡಿ, ಬೇಳೆಕಾಳಿಗೆ ಔಡಲ ಎಣ್ಣೆ ಸವರಿ, ಜೋಳಕ್ಕೆ ಬೇವಿನ ತಪ್ಪಲನ್ನೋ ಬೂದಿಯನ್ನೋ ಬೆರೆಸಿ, ಖಾರದ ಪುಡಿಗೆ ಉಪ್ಪು ಕೂಡಿಸಿ ನಡುನಡುವೆ ಇಂಗಿನ ಹರಳು ಹುಗಿದಿಡುವುದು ಅವರ ಪದ್ಧತಿ. ಈ ಪದ್ಧತಿಯಲ್ಲಿ ಮಂತ್ರವೇನೂ ಇಲ್ಲ. ಬಿಸಿಲು ಕಾಳಿನ ತೇವವನ್ನು ಇಳಿಸುತ್ತದೆ, ತೇವವು ನೂರಕ್ಕೆ ಹತ್ತರ ಕೆಳಗಿಳಿದರೆ ಬಹುಪಾಲು ಹುಳಗಳ ಸಂತಾನ ಕುಂಠಿತವಾಗುತ್ತದೆ. ಕಿಲೋಗೆ ಒಂದು ಚಮಚದಷ್ಟು ಎಣ್ಣೆಯ ಪೊರೆ ಕಾಳುದುಂಬಿಯ ಮೊಟ್ಟೆಗೆ ಉಸಿರುಗಟ್ಟಿಸುತ್ತದೆ. ಬೂದಿಯ ನುಣ್ಣನೆಯ ಕಣಗಳು ಹುಳದ ಮೈಯ ಮೇಣದ ಪದರವನ್ನು ತರಚಿ ಅದನ್ನು ಒಣಗಿಸಿ ಕೊಲ್ಲುತ್ತವೆ. ಒಣಗಿದ ಬೇವಿನ ಎಲೆಯ ಮಹಿಮೆಯನ್ನು ಮಾತ್ರ ಊರು ಸ್ವಲ್ಪ ಹೆಚ್ಚಾಗಿಯೇ ನಂಬಿದೆ: ಅದು ಹುಳವನ್ನು ಹಿಂಜರಿಸೀತು, ಈಗಾಗಲೇ ಕಾಳಿನೊಳಗೆ ಕೂತ ಮರಿಯನ್ನು ಎಬ್ಬಿಸಲಾರದು.

ಸಾಹೇಬರ ಆತ್ಮವಿಶ್ವಾಸಕ್ಕೆ ನಿಜವಾದ ಪೆಟ್ಟು ಬೀಳುವುದು ಖಾರದ ಪುಡಿಯಲ್ಲಿ. ಮನುಷ್ಯರ ಕಣ್ಣಲ್ಲಿ ನೀರು ತರಿಸುವ ಪದಾರ್ಥದೊಳಗೆ ಜೀವಿಯೊಂದು ಸುಖವಾಗಿ ಬದುಕಬಹುದೆಂಬುದನ್ನು ಅವರು ಒಪ್ಪಲಾರರಾದ್ದರಿಂದ, ಆ ಡಬ್ಬಿಯ ಮುಂದೆ ‘ಪರಿಶೀಲನೆ ಅನಗತ್ಯ’ ಎಂದು ಮೊದಲೇ ಬರೆದಿರುತ್ತಾರೆ. ಒಂದು ದಿನ ಪುಡಿ ಗಂಟುಗಂಟಾಗಿ, ಗಂಟಿನೊಳಗಿಂದ ಸಾಸಿವೆ ಗಾತ್ರದ ಕಂದು ದುಂಬಿ ತಲೆ ಬಗ್ಗಿಸಿಕೊಂಡು ಹೊರಬರುತ್ತದೆ. ಇದು ಸಿಗರೇಟು ದುಂಬಿ. ಕೂಡಿಟ್ಟ ತಂಬಾಕಿಗೆ ಬೀಳುವುದರಿಂದ ಅದಕ್ಕೆ ಆ ಹೆಸರು. ಇದೇ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಕಡೆಯ ತಂಬಾಕಿನ ಕೋಠಿಗಳವರು ಇಂಥ ಹುಳವನ್ನು ಕಂಡು ಬೆರಗಾಗಲಾರರು. ನಿಕೋಟಿನ್ ಎಂಬ ವಿಷವನ್ನೇ ಜೀರ್ಣಿಸಿಕೊಳ್ಳುವ ಪ್ರಾಣಿಗೆ ಬ್ಯಾಡಗಿಯ ಖಾರ ಯಾವ ಲೆಕ್ಕ? ಅರಿಸಿನ, ಹವೀಜ, ಶುಂಠಿಗಳೂ ಅದಕ್ಕೆ ವರ್ಜ್ಯವಲ್ಲ. ಕ್ರಿಸ್ತಪೂರ್ವ 14ನೆಯ ಶತಮಾನದ ಈಜಿಪ್ಟಿನ ದೊರೆ ತುತಾಂಖಾಮುನ್‌ನ ಗೋರಿಯನ್ನು 1922ರಲ್ಲಿ ತೆರೆದ ಮೇಲೆ, ಪರಲೋಕದ ಪ್ರಯಾಣಕ್ಕೆಂದು ತುಂಬಿಟ್ಟಿದ್ದ ಸಾಮಗ್ರಿಗಳ ನಡುವೆ ಇದೇ ದುಂಬಿಯ ಅವಶೇಷಗಳನ್ನೂ ಗುರುತಿಸಿದ್ದಾರೆ. ಅರಸನ ಉಗ್ರಾಣವನ್ನೇ ಬಿಡದ ಹುಳವು ಸವದತ್ತಿಯ ಉಗ್ರಾಣದ ಚೀಟಿಯನ್ನು ಓದಿ ಹಿಂದಿರುಗಬೇಕೆಂದು ಬಯಸುವುದು ಹೆಚ್ಚಾದೀತು.

ಇಲ್ಲಿ ಕೇಳಬೇಕಾದ ಪ್ರಶ್ನೆ, ಹೊಸ ಡಬ್ಬಿ, ಹೊಸ ಪುಡಿ, ಹೊಸ ಚೀಟಿ ಇರುವಲ್ಲಿ ಹುಳ ಎಲ್ಲಿಂದ ಬಂತು ಎಂಬುದು. ಜಲಾಶಯದ ಭಾಷೆಯಲ್ಲಿ ‘ಡೆಡ್ ಸ್ಟೋರೇಜ್’ ಎಂಬ ಮಾತಿದೆ. ಅತಿ ಕೆಳಗಿನ ತೂಬಿಗಿಂತಲೂ ತಗ್ಗಿನಲ್ಲಿ ಉಳಿದು, ಎಂದೂ ಕಾಲುವೆಗೆ ಹರಿಯದ ನೀರನ್ನು ಹಾಗೆನ್ನುತ್ತಾರೆ. ಪ್ರತಿ ಅಡುಗೆಮನೆಯ ಪ್ರತಿ ಡಬ್ಬಿಯಲ್ಲಿಯೂ ಅದೇ ಬಗೆಯ ಸಂಗ್ರಹವೊಂದು ತಳದಲ್ಲಿ ಉಳಿದಿರುತ್ತದೆ. ಹೊಸ ಕಾಳು ಬಂದಾಗ ಹಳೆಯದನ್ನು ತೆಗೆಯದೆ ಮೇಲಿನಿಂದ ಸುರಿಯುವುದು, ಬಳಸುವಾಗ ಮೇಲಿನದನ್ನೇ ತೋಡಿಕೊಳ್ಳುವುದು, ಇವೆರಡರಿಂದ ತಳದ ನಾಲ್ಕು ಬೆರಳಿನಷ್ಟು ಪದಾರ್ಥ ವರ್ಷಾನುಗಟ್ಟಲೆ ಅಲುಗದೆ ಕೂತು, ನುಸಿಗೆ ಹುಟ್ಟೂರಾಗುತ್ತದೆ. ಸಾಹೇಬರು ಹೊಸ ಡಬ್ಬಿಗಳನ್ನು ತಂದಾಗ ಹಳೆಯ ಡಬ್ಬಿಯ ತಳವನ್ನು ವ್ಯರ್ಥ ಮಾಡಲು ಮನಸ್ಸಾಗದೆ ಅದನ್ನು ಜೋಪಾನವಾಗಿ ಹೊಸದರೊಳಗೆ ಬೋರಲು ಹಾಕಿ, ಮೇಲೆ ಹೊಸ ಪುಡಿ ತುಂಬಿ, ಅಂದಿನ ದಿನಾಂಕ ಬರೆದಿರುತ್ತಾರೆ. ತರಬೇತಿಗೆ ಬಂದ ಕಿರಿಯರಿಗೆ ಡೆಡ್ ಸ್ಟೋರೇಜಿನ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದ ಅಧಿಕಾರಿಗೆ ಅದು ಸ್ವಂತ ಮನೆಯ ಡಬ್ಬಿಯಲ್ಲಿ ಕಾಣಿಸದಿರುವುದು ಈ ವ್ಯಕ್ತಿವರ್ಗದ ಪ್ರಧಾನ ಲಕ್ಷಣ. ಬಾಯಿಯವರೂ ಈ ದೋಷದಿಂದ ಮುಕ್ತರಲ್ಲ, ಏಕೆಂದರೆ ಬಿಸಿಲು, ಸಾಣಿಗೆ, ಔಡಲಗಳೆಲ್ಲವೂ ಹೊಸ ಕಾಳಿಗೆ ಸಲ್ಲುವ ಉಪಚಾರಗಳೇ ಹೊರತು, ತಳ ಬರಿದು ಮಾಡುವುದನ್ನು ಅವರ ತವರು “ಡಬ್ಬಿ ಖಾಲಿ ಇಡಬಾರ್ದು” ಎಂಬ ಶಾಸ್ತ್ರದಿಂದ ತಡೆದಿದೆ.

ಈ ಸೀಮೆಯ ಹಿರಿಯರಿಗೆ ಈ ವಿಷಯದಲ್ಲಿ ಇನ್ನೂ ಗಟ್ಟಿಯಾದ ತಿಳಿವಳಿಕೆಯಿತ್ತು. ಹಗೇವು ಎಂಬುದು ನೆಲದಲ್ಲಿ ಆಳವಾಗಿ ತೋಡಿ, ಒಳಮೈಗೆ ಹುಲ್ಲು, ಕಣಿಕೆ ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ಉಗ್ರಾಣ. ಗಾಳಿಯಾಡದ ಆ ಕತ್ತಲಲ್ಲಿ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಮುಗಿದು, ಇಂಗಾಲದ ಡೈಆಕ್ಸೈಡ್ ತುಂಬಿ, ಹುಳ ತಾನಾಗಿಯೇ ಸಾಯುತ್ತಿತ್ತು. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಕೆಲ ಹೊತ್ತು ಗಾಳಿಗೆ ಬಿಟ್ಟು, ಹಗ್ಗ ಕಟ್ಟಿದ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ತೆಗೆಯುವಾಗಲೂ ಪೂರ್ತಿ ಬರಿದು ಮಾಡಿಯೇ ಮುಂದಿನ ಸುಗ್ಗಿಯದನ್ನು ತುಂಬುತ್ತಿದ್ದರು. ಪದರಪದರದ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ತಡೆದು ಧಾನ್ಯ ಉಳಿಸುವ ಈಗಿನ ವಿಧಾನಗಳ ಹಿಂದಿರುವುದೂ ಇದೇ ತತ್ತ್ವ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕೂಡಿಟ್ಟ ಆಹಾರದ ಕೀಟಬಾಧೆಯ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ ಎಂದ ಮೇಲೆ, ಸಾಹೇಬರು ಎದುರಿಸುತ್ತಿರುವ ಸಮಸ್ಯೆಯನ್ನು ಕ್ಷುಲ್ಲಕವೆನ್ನುವಂತಿಲ್ಲ. ಅವರು ಹಿಡಿದ ಆಯುಧ ಮಾತ್ರ ಕ್ಷುಲ್ಲಕ.

ಆಯುಧ ಬದಲಿಸುವ ಘಟ್ಟದಲ್ಲಿ ಹಾಸ್ಯ ನಿಂತು ಅಪಾಯ ತೊಡಗುತ್ತದೆ. ಗೋದಾಮಿನಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಪರಿಚಯದವರೊಬ್ಬರಿಂದ ತರಿಸಿ ಜೋಳದ ಚೀಲದಲ್ಲಿ ಹುಗಿಯುವ ಆಲೋಚನೆ ಕೆಲವು ಸಾಹೇಬರಿಗೆ ಬರುವುದುಂಟು. ಗಾಳಿಯ ತೇವ ತಗುಲಿದೊಡನೆ ಮೂರು ಗ್ರಾಮಿನ ಒಂದು ಗುಳಿಗೆ ಒಂದು ಗ್ರಾಮಿನಷ್ಟು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಮತ್ತು ಅದಕ್ಕೆ ಪ್ರತಿವಿಷವೆಂಬುದಿಲ್ಲ. ತರಬೇತಿ ಪಡೆದವರು ಮಾತ್ರ, ಮನುಷ್ಯರು ಮಲಗದ ಕಟ್ಟಡದಲ್ಲಿ ಮಾತ್ರ ಬಳಸಬೇಕಾದ ವಸ್ತುವದು. ಈ ಒಂದು ವಿಷಯದಲ್ಲಿ ಬಾಯಿಯವರು ಗುಳಿಗೆಯನ್ನು ಹೊಸ್ತಿಲು ದಾಟಿಸದೆ “ಹುಳಾ ಸಾಯೂ ಮೊದಲ ನಾವ ಸಾಯೂದು ಬ್ಯಾಡ್ರೀ” ಎಂದು ಹಿಂದಕ್ಕೆ ಕಳಿಸಿರುವುದು ಎಲ್ಲ ರೀತಿಯಿಂದಲೂ ಸರಿ. ಮನೆಗೆ ಸಾಕಾಗುವ ಉಪಾಯಗಳು ಸಾಧಾರಣವಾದವು. ಸಣ್ಣ ಪ್ರಮಾಣದ ಬೇಳೆ, ರವೆ, ಮಸಾಲೆಯನ್ನು ತಂದ ಕೂಡಲೆ ಬಿಗಿ ಚೀಲದಲ್ಲಿ ಕಟ್ಟಿ, ಸೊನ್ನೆಯ ಕೆಳಗೆ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ. 60 ಡಿಗ್ರಿ ಕಾವಿನಲ್ಲಿ ಒಂದು ಗಂಟೆ ಇಟ್ಟರೂ ಅದೇ ಫಲ. ಸಾಹೇಬರು ಫ್ರೀಜರಿನ ಉಪಾಯವನ್ನು ಒಪ್ಪಿದರೂ, ಬೆಂಗಳೂರಿನಿಂದ ಬಂದ ಮೊಮ್ಮಕ್ಕಳ ಐಸ್‌ಕ್ರೀಮಿಗೆ ಜಾಗ ಬಿಡಲು ಅಕಾರಾದಿಯ ಪ್ರಕಾರ ಹವೀಜವನ್ನು ಹೊರಹಾಕಬೇಕೇ ಹೆಸರುಬೇಳೆಯನ್ನೇ ಎಂಬ ಪ್ರಶ್ನೆಗೆ ಸಿಲುಕುತ್ತಾರೆ.

ಇಷ್ಟಾದರೂ ಡಬ್ಬಿ ಸಾಹೇಬರನ್ನು ಸಂಪೂರ್ಣವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಅವರು ಬರೆದಿಟ್ಟ ದಿನಾಂಕ, ತಪ್ಪು ಡಬ್ಬಿಯ ಮೇಲಿದ್ದರೂ, ಆ ಮನೆಯಲ್ಲಿ ಮೊದಲ ಬಾರಿಗೆ ಪದಾರ್ಥಕ್ಕೊಂದು ವಯಸ್ಸು ಕೊಟ್ಟಿತು. ಯಾವ ಕಾಳು ಯಾವಾಗ ಬಂತು, ಯಾವುದು ಮೊದಲು ಖರ್ಚಾಗಬೇಕು ಎಂಬುದು ಕೈಯ ನೆನಪಿಗೆ ಸಿಗುವ ವಿಷಯವಲ್ಲ. ಸೊಸೆ ಮಸಾಲಿ ಖಾರವನ್ನು ಪುಣೆಗೆ ಒಯ್ಯುವಾಗ ಹಳೆಯದು ಯಾವುದು, ಹೊಸದು ಯಾವುದು ಎಂದು ಕೇಳಿದರೆ ಉತ್ತರ ಸಿಗುವುದು ಆ ವಹಿಯಲ್ಲಿಯೇ. ಬಾಯಿಯವರೂ ಅದನ್ನು ಗುಟ್ಟಾಗಿ ನೋಡುತ್ತಾರೆಂಬುದಕ್ಕೆ ಹಾಳೆಗಳ ಮೇಲಿನ ಅರಿಸಿನದ ಬೆರಳಚ್ಚುಗಳೇ ಸಾಕ್ಷಿ.

ಇಂಥ ಸಾಹೇಬರು ಮನೆಯಲ್ಲಿರುವ ಓದುಗರು ಅವರ ವಹಿಯನ್ನು ಕಸಿದುಕೊಳ್ಳಬೇಕಾಗಿಲ್ಲ. ಬರುವ ಬೇಸಿಗೆಯಲ್ಲಿ, ಹೊಸ ಕಾಳು ಮನೆಗೆ ಬರುವ ಹಿಂದಿನ ದಿನ, ಅವರ ಕೈಯಿಂದ ಸ್ಕೆಚ್ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡು, ಸಾಣಿಗೆಯನ್ನೂ ಒಂದು ಒಣ ಅರಿವೆಯನ್ನೂ ಕೊಟ್ಟು, ಎಲ್ಲ ಡಬ್ಬಿಗಳ ತಳವನ್ನು ಮಾಳಿಗೆಯ ಬಿಸಿಲಿಗೆ ಸುರುವಿ ಒರೆಸಿ ತರಲು ಹೇಳಿದರೆ ಸಾಕು. ವಹಿಯಲ್ಲಿ ಅದಕ್ಕೊಂದು ಅಂಕಣವನ್ನು ಅವರೇ ಹಾಕಿಕೊಳ್ಳುತ್ತಾರೆ.